ಸೂಚಕರು: ವಸಂತಮ್ಮ

ನರಸಿಂಹಯ್ಯನ ಹೆಣ ಬೆಳಿಗ್ಗೆ ಆರರಿಂದ ಅಂಗಳದಲ್ಲಿತ್ತು. ಹತ್ತು ಗಂಟೆಯಾದರೂ ಗುಂಡಿ ತೋಡಿರಲಿಲ್ಲ.

ಗುಂಡಿ ತೋಡಲು ಹೋಗಿದ್ದ ರಾಮಯ್ಯ ಮತ್ತು ಇನ್ನಿಬ್ಬರು ಗುದ್ದಲಿಗೆ ಮಣ್ಣು ಸೋಕದೆ ವಾಪಸು ಬಂದರು. ಸೊಣ್ಣಗೊಂದಿ ಕಾಲೊನಿಯವರು ಮೂರು ತಲೆಮಾರಿನಿಂದ ಹೆಣ ಹೂಳುತ್ತಿದ್ದ ಒಂದೂವರೆ ಎಕರೆಯ ಸುತ್ತ ತಗಡಿನ ಬೇಲಿ ಎದ್ದಿತ್ತು. ಮೂರು ದಿನದಿಂದ ತಗಡು ಹೊಡೆಯುವುದನ್ನು ಎಲ್ಲರೂ ನೋಡಿದ್ದರು. ಪಕ್ಕದ ಗೋದಾಮಿನ ಕೆಲಸ ಇರಬೇಕು ಅಂದುಕೊಂಡು ಸುಮ್ಮನಿದ್ದರು. ಅತ್ತಿಬೆಲೆ ಕಡೆ ದಿನಕ್ಕೊಂದು ತಗಡಿನ ಬೇಲಿ ಏಳುತ್ತದೆ. ಯಾರು ಯಾವುದನ್ನು ಅಂತ ಕೇಳುತ್ತಾರೆ? ಇವತ್ತು ನೋಡಿದರೆ ಗೇಟಿಗೆ ಬೀಗ. ಬೀಗದ ಪಕ್ಕ ಕನ್ನಡ ಬಾರದ ಒಬ್ಬ ಸೆಕ್ಯುರಿಟಿ. ಅವನು ಪ್ಲಾಸ್ಟಿಕ್ ಕವರಿನಲ್ಲಿದ್ದ ಜೆರಾಕ್ಸ್ ಕಾಗದ ತೋರಿಸಿ, ಪಂಚಾಯತ್ ಆರ್ಡರ್, ಅಂದಿದ್ದ.

ರಾಮಯ್ಯನಿಗೆ ಓದು ಬಾರದು. ಕಾಗದದ ಫೋಟೊ ಹೊಡೆದುಕೊಂಡು ಬಂದಿದ್ದ. ಪಿಯುಸಿ ಓದುವ ಮೇಘಾಳ ಕೈಗೆ ಫೋನು ಕೊಟ್ಟ. ಅಂಗಳದಲ್ಲಿ ಕೂತವರೆಲ್ಲ ಕಿವಿಗೊಟ್ಟರು.

"ಠರಾವು ಸಂಖ್ಯೆ ಎರಡು. ಸದರಿ ಸ್ಮಶಾನ ಜಾಗದಲ್ಲಿ ಹತ್ತು ವರ್ಷಗಳಿಂದ ಯಾವುದೇ ಶವ ಹೂಳದೆ ಇರುವುದರಿಂದ, ಗೋದಾಮಿನ ಕೂಡುರಸ್ತೆಗೆ ಬಿಟ್ಟುಕೊಡಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು." ಮೇಘಾ ಅಲ್ಲಿಗೆ ನಿಲ್ಲಿಸಿದಳು.

"ಮುಂದಕ್ ಓದಮ್ಮಿ," ಅಂದ ರಾಮಯ್ಯ.

"ಸೂಚಕರು, ಶ್ರೀಮತಿ ವಸಂತಮ್ಮ, ಸದಸ್ಯರು."

"ಸೂಚಕರು ಅಂದ್ರೆ?"

"ಇಂಗೆ ಮಾಡಾಣ ಅಂತ ಮೊದ್ಲು ಮಾತು ಎತ್ತಿದೋರು."

ವಸಂತಮ್ಮ ಮಾವ ನರಸಿಂಹಯ್ಯನ ಕಾಲಿನ ಹೆಬ್ಬೆರಳು ಎರಡನ್ನೂ ಜೋಡಿಸಿ ದಾರ ಕಟ್ಟುತ್ತಿದ್ದಳು. ಗಂಟು ಅರ್ಧಕ್ಕೆ ನಿಂತಿತು. ಕಾಲೊನಿಯ ಎಪ್ಪತ್ತು ಮನೆಗೆ ಇರುವವಳು ಅವಳೊಬ್ಬಳೇ ಪಂಚಾಯಿತಿ ಮೆಂಬರು. ಅಂಗಳದ ಅಷ್ಟೂ ಮುಖಗಳು ಅವಳ ಕಡೆ ತಿರುಗಿದವು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು.

ರಾಮಯ್ಯ ಗುದ್ದಲಿಯನ್ನು ನೆಲಕ್ಕೆ ಹಾಕಿದ. "ಮೂರು ವರ್ಷದ್ ಕೆಳಗೆ ನಿನ್ ಗಂಡನ್ನ ಅಲ್ಲೇ ಅಲ್ವ ಊತಿದ್ದು? ಗುಂಡಿ ತೋಡ್ದೋನು ನಾನು. ಮೊದ್ಲು ಮಣ್ಣಾಕ್ದೋಳು ನೀನು. ಅದು ಹೆಣ ಅಲ್ವೇನವ್ವ? ಲೆಕ್ಕಕ್ಕಿಲ್ವ?"

ವಸಂತಮ್ಮ ಫೋನಿನ ಕಡೆ ನೋಡಿದಳು. ಏನೆಂದು ಹೇಳುವುದು? ಸೈನು ಅವಳದೇ. ಫೋಟೊದಲ್ಲಿ ಕಾಣುತ್ತಿತ್ತು. ಸೈನಿನ ಮೇಲೆ ನೀರು ಬಿದ್ದು ಕದಡಿದ ಕಲೆಯೂ ಕಾಣುತ್ತಿತ್ತು. ಆ ಕಲೆ ಯಾವುದೆಂದು ಅವಳಿಗೆ ಗೊತ್ತಿತ್ತು.

ಈ ಪಂಚಾಯಿತಿಯಲ್ಲಿ ಸಭೆ ಎಂಬುದು ಕೂತು ಮಾತಾಡುವ ಜಾಗವಲ್ಲ, ಒಂದು ಪುಸ್ತಕ. ಬಿಲ್ ಕಲೆಕ್ಟರ್ ಸೀನ ತಿಂಗಳಿಗೊಂದು ಸಲ ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಮೆಂಬರುಗಳ ಮನೆಮನೆಗೆ ಹೋಗುತ್ತಾನೆ. ಹಾಳೆಯ ತುದಿಯಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕಿರುತ್ತಾನೆ. ಗೀಟಿನ ಮೇಲೆ ಸೈನ್ ಹಾಕಬೇಕು. ಮೇಲೆಲ್ಲ ಖಾಲಿ. ಖಾಲಿ ಜಾಗದಲ್ಲಿ ಏನು ಬರುತ್ತದೆ ಅನ್ನುವುದು ಅಧ್ಯಕ್ಷ ರಾಮಾಂಜಿನಪ್ಪನಿಗೆ ಬಿಟ್ಟದ್ದು. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಎರಡೂ ಪಕ್ಷದ ಅಧ್ಯಕ್ಷರು ಇದನ್ನೇ ಮಾಡಿದ್ದರು, ಆ ವಿಷಯದಲ್ಲಿ ಮಾತ್ರ ಅವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ.

ವಸಂತಮ್ಮ ಮೆಂಬರಾದದ್ದು ಮಾವನಿಂದ. ನರಸಿಂಹಯ್ಯ ನಲವತ್ತು ವರ್ಷ ಪಕ್ಷದ ಆಳು. ಮೈದಾ ಬೇಯಿಸಿ ಅಂಟು ಮಾಡಿದ, ಪೋಸ್ಟರು ಹಚ್ಚಿದ, ರಾಮಾಂಜಿನಪ್ಪನ ಅಪ್ಪನ ಕಾಲದಿಂದ ಮೆರವಣಿಗೆಯ ಮುಂದೆ ತಮಟೆ ಬಡಿದ. ಗೆದ್ದ ದಿನ ಆ ಮನೆಯ ದನದ ಕೊಟ್ಟಿಗೆಯ ಪಕ್ಕ ಎಲೆ ಹಾಕಿಸಿಕೊಂಡು ಉಂಡ. ಕೊಟ್ಟಿಗೆ ದಾಟಿ ಒಳಕ್ಕೆ ಒಂದು ಸಲವೂ ಹೋಗಲಿಲ್ಲ. ಕೇಳಿದರೆ, "ಪಕ್ಷ ಅಂದ್ರೆ ತಾಯಿ ಇದ್ದಂಗೆ, ತಾಯಿ ಎಲ್ಲಿ ಬಡಿಸ್ತಾಳೆ ಅಂತ ನೋಡ್ಬಾರ್ದು," ಅನ್ನುತ್ತಿದ್ದ. ಕಾಲೊನಿಯ ಸೀಟು ಹೆಂಗಸಿಗೆ ಮೀಸಲಾದಾಗ ರಾಮಾಂಜಿನಪ್ಪ ಬಂದು, "ನಿನ್ ಸೊಸೆ ನಿಲ್ಲಲಿ ಕಣೋ," ಅಂದ. ಮುದುಕ ಆವತ್ತು ಅತ್ತುಬಿಟ್ಟಿದ್ದ. ಪಂಚಾಯಿತಿ ಚುನಾವಣೆಯಲ್ಲಿ ಕಾನೂನಿನ ಪ್ರಕಾರ ಪಕ್ಷವೇ ಇಲ್ಲ. ಕಾನೂನಿನ ಆಚೆ ಪಕ್ಷ ಬಿಟ್ಟು ಬೇರೇನೂ ಇಲ್ಲ.

ಕಳೆದ ವಾರ ಊರಿನವರಿಗೆಲ್ಲ ಬಸ್ಸು ಬಂತು. 'ಪ್ರಜಾಪ್ರಭುತ್ವ ಉಳಿಸಿ' ಸಮಾವೇಶ. ವಿಧಾನಸೌಧದಲ್ಲಿ ಈಗ ಕೂತಿರುವುದು ಇನ್ನೊಂದು ಪಕ್ಷದ ಸರ್ಕಾರ. ಅದರ ವಿರುದ್ಧ ಈ ಪಕ್ಷದ ಕೂಗು. ಎಪ್ಪತ್ತಾರು ವರ್ಷದ ನರಸಿಂಹಯ್ಯ ಬಿಸಿಲಲ್ಲಿ ಐದು ಗಂಟೆ ಬಾವುಟದ ಕೋಲು ಹಿಡಿದು ನಿಂತ. ಸಂಜೆ ಬಂದವನು ಚಾಪೆ ಹಿಡಿದ. ನಿನ್ನೆವರೆಗೂ ಜ್ವರದಲ್ಲಿ ಜೈಕಾರ ಕೂಗುತ್ತಿದ್ದ.

ಸೈನ್ ಹಾಕುವುದನ್ನು ವಸಂತಮ್ಮ ಕಲಿತದ್ದು ಮಾತ್ರ ಪಕ್ಷದಿಂದಲ್ಲ, ಕಕ್ಕಸಿನಿಂದ. ಎಲೆಕ್ಟ್ರಾನಿಕ್ ಸಿಟಿಯ ಒಂದು ಗಾಜಿನ ಕಟ್ಟಡದಲ್ಲಿ ಮೂರನೇ ಮಹಡಿಯ ಹೆಂಗಸರ ಕಕ್ಕಸುಗಳು ಅವಳ ಪಾಲಿನವು. ಹದಿನಾಲ್ಕು. ಮೊಣಕಾಲೂರಿ ಉಜ್ಜಬೇಕು. ಆಸಿಡ್ಡಿಗೆ ಬೆರಳ ತುದಿ ಸುಲಿದು ಸುಲಿದು ಆಧಾರ್ ಮೆಷಿನ್ನು ಅವಳ ಹೆಬ್ಬೆಟ್ಟು ಹಿಡಿಯುವುದನ್ನೇ ಬಿಟ್ಟಿತ್ತು. ಪ್ರತಿ ಬಾಗಿಲ ಹಿಂದೆ ಒಂದು ಹಾಳೆ. ಸಮಯ, ಆದ ಕೆಲಸ, ಹೆಸರು, ಸೈನು. ಗಂಟೆಗೊಂದು ಸಲ ಉಜ್ಜಿ, ಒರೆಸಿ, ಆಮೇಲೆ ಹಾಳೆ ತುಂಬಬೇಕು.

ಒಂದು ದಿನ ಜ್ವರವಿತ್ತು. ಮೂರು ಗಂಟೆಯ ಸೈನನ್ನು ಎರಡು ಗಂಟೆಗೇ ಹಾಕಿ ಮೆಟ್ಟಿಲ ಕೆಳಗೆ ಕೂತಳು. ಸೂಪರ್‌ವೈಸರ್ ದಿವ್ಯಾ ಹಿಡಿದಳು. ಮಗಳ ವಯಸ್ಸಿನ ಹುಡುಗಿ. ಹನ್ನೊಂದು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಅವರೆದುರಿಗೆ ಕೇಳಿದಳು: "ಮಾಡ್ದೇ ಇರೋ ಕೆಲಸಕ್ಕೆ ಸೈನ್ ಹಾಕ್ತೀರಲ್ಲ, ನಾಚಿಕೆ ಆಗಲ್ವಾ? ಇದು ಮೋಸ ಅಲ್ವಾ?" ಹದಿನಾಲ್ಕನ್ನೂ ಮತ್ತೆ ಉಜ್ಜಿಸಿದಳು. ವಸಂತಮ್ಮ ಕಣ್ಣೀರು ಬಕೆಟ್ಟಿಗೆ ಬೀಳಿಸಿಕೊಂಡು ಉಜ್ಜಿದಳು. ಆ ದಿನದಿಂದ ಕಕ್ಕಸಿನ ಹಾಳೆಯಲ್ಲಿ ಒಂದು ನಿಮಿಷ ಮುಂಚಿತವಾಗಿ ಸೈನ್ ಹಾಕಿದವಳಲ್ಲ.

ಹೋದ ತಿಂಗಳು ಸೀನನ ಸ್ಕೂಟರು ಮನೆಯ ಹಿಂದೆ ಬಚ್ಚಲ ಹತ್ತಿರ ಬಂದು ನಿಂತಾಗ ಅವಳು ಮಾವನ ಕಂಬಳಿ ಒಗೆಯುತ್ತಿದ್ದಳು. ಸೋಪಿನ ಕೈಯನ್ನು ಸೀರೆಗೆ ಒರೆಸಿಕೊಂಡು ಗೀಟಿನ ಮೇಲೆ ಸೈನ್ ಹಾಕಿದಳು. ಒಂದು ತೊಟ್ಟು ನೀರು ಸೈನಿನ ಮೇಲೆ ಬಿತ್ತು. ಮೇಲೆ ಏನು ಬರೆಯುತ್ತೀರಿ ಎಂದು ಕೇಳಲಿಲ್ಲ. ಕಕ್ಕಸಿಗೆ ಇದ್ದ ಮರ್ಯಾದೆ ಪಂಚಾಯಿತಿಗೂ ಇರಬೇಕು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಹನ್ನೊಂದರ ಹೊತ್ತಿಗೆ ರಾಮಾಂಜಿನಪ್ಪನ ಬಿಳಿ ಕಾರು ಕಾಲೊನಿಗೆ ಬಂತು. ಹಿಂದೆಯೇ ಸೀನನ ಸ್ಕೂಟರು. ರಾಮಾಂಜಿನಪ್ಪನ ಕೈಯಲ್ಲಿ ಗುಲಾಬಿ ಹಾರ, ಕಂಕುಳಲ್ಲಿ ಇಸ್ತ್ರಿ ಮಾಡಿದ ಹೊಸ ಬಾವುಟ. ಹೆಣಕ್ಕೆ ಹಾರ ಹಾಕಿದ. ಬಾವುಟ ಬಿಚ್ಚಿ ಎದೆಯಿಂದ ಮೊಣಕಾಲವರೆಗೆ ಹೊದಿಸಿದ. ಜೊತೆಗೆ ಬಂದವನೊಬ್ಬ ಫೋನಿನಲ್ಲಿ ವಿಡಿಯೊ ಹಿಡಿದುಕೊಂಡ.

"ನರಸಿಂಹಯ್ಯ ಪಕ್ಷಕ್ಕೋಸ್ಕರ ಪ್ರಾಣ ಬಿಟ್ಟೋನು. ಇಂಥ ನಿಯತ್ತು ಈಗಿನ ಕಾಲದಲ್ಲಿ ಯಾರಿಗೈತೆ?" ಅಂದ.

ರಾಮಾಂಜಿನಪ್ಪ ಅಂಗಳವನ್ನೊಮ್ಮೆ ನೋಡಿದ. ಗುದ್ದಲಿ ನೆಲದ ಮೇಲೆ ಬಿದ್ದಿದ್ದು ಕಂಡಿತು.

"ಜಾಗದ್ ವಿಷಯ ಗೊತ್ತಾಯ್ತು. ಯೋಚನೆ ಮಾಡ್ಬ್ಯಾಡಿ. ಆನೇಕಲ್ ರಸ್ತೇಲಿ ಸರ್ಕಾರಿ ಸ್ಮಶಾನ ಐತೆ. ಗಾಡಿ ನಂದು, ಖರ್ಚು ನಂದು." ಅಷ್ಟು ಹೇಳಿ ಸೀನನಿಗೆ ಕಣ್ಣು ಮಾಡಿದ.

ಸೀನ ವಸಂತಮ್ಮನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. ದಪ್ಪ ರಟ್ಟಿನ ಪುಸ್ತಕ ಬಿಚ್ಚಿದ. "ಅಕ್ಕ, ಒಂದೇ ಒಂದ್ ಸೈನು. ಇವತ್ತು ತಿಂಗಳ್ ಸಭೆ. ಓದ್ ತಿಂಗಳ್ ಠರಾವು ಇವತ್ತು ಪಕ್ಕಾ ಆಗ್ಬೇಕು. ನಾಳೆ ಟಾರ್ ಹಾಕ್ತಾರೆ. ಸೂಚಕರು ನೀವೇ ಅಲ್ವ, ನಿಮ್ದಿಲ್ದಿದ್ರೆ ಆಗಲ್ವಂತೆ."

ಹೆಣದ ಕಾಲ ಬಳಿ ಖಾಲಿ ಹಾಳೆ. ತುದಿಯಲ್ಲಿ ಪೆನ್ಸಿಲಿನ ಗೀಟು.

ವಸಂತಮ್ಮ ಪೆನ್ನು ತಗೊಂಡಳು. ರಾಮಯ್ಯ ಕ್ಯಾಕರಿಸಿ ಪಕ್ಕಕ್ಕೆ ಉಗಿದ. ಅವಳು ಪೆನ್ನಿನಿಂದ ಹಾಳೆ ಹಿಂದಕ್ಕೆ ತಿರುಗಿಸಿದಳು.

"ಓದು," ಅಂದಳು.

"ಏನಕ್ಕ?"

"ನಾನು ಸೂಚನೆ ಕೊಟ್ಟಿದೀನಂತಲ್ಲ. ಏನ್ ಕೊಟ್ಟಿದೀನಿ, ಮೊದ್ಲಿಂದ ಓದು. ಎಲ್ರಿಗೂ ಕೇಳಂಗೆ."

ಸೀನ ಅಧ್ಯಕ್ಷನ ಮುಖ ನೋಡಿದ. ರಾಮಾಂಜಿನಪ್ಪ ಮೆತ್ತಗೆ ಅಂದ: "ವಸಂತಮ್ಮ, ಸಾವಿನ ಮನೇಲಿ ರಾಜಕೀಯ ಬ್ಯಾಡ."

"ಸಾವಿನ್ ಮನೆಗೆ ಪುಸ್ತಕ ತಂದೋಳು ನಾನಲ್ಲ. ಓದು ಸೀನ."

ಸೀನ ಓದಿದ. "ಠರಾವು ಸಂಖ್ಯೆ ಒಂದು. ರಾಜ್ಯ ಸರ್ಕಾರವು ಚರ್ಚೆಗೆ ಅವಕಾಶ ಕೊಡದೆ, ಜನರ ಅಭಿಪ್ರಾಯ ಕೇಳದೆ, ಮುಚ್ಚಿದ ಬಾಗಿಲ ಹಿಂದೆ ತೀರ್ಮಾನ ತೆಗೆದುಕೊಳ್ಳುತ್ತಿರುವುದು ಪ್ರಜಾಪ್ರಭುತ್ವ ವಿರೋಧಿ ಆಡಳಿತವೆಂದು ಈ ಸಭೆಯು ವಿವರವಾಗಿ ಚರ್ಚಿಸಿ, ಸರ್ವಾನುಮತದಿಂದ ಖಂಡಿಸಿತು. ಸೂಚಕರು, ಶ್ರೀಮತಿ ವಸಂತಮ್ಮ."

"ವಿವರವಾಗಿ ಚರ್ಚಿಸಿ," ಅಂದಳು ವಸಂತಮ್ಮ. "ಎಲ್ ಚರ್ಚೆ ಮಾಡ್ದೊ ಸೀನ? ನಮ್ ಬಚ್ಚಲ್ ತಾವ ತಾನೆ? ಯಾರ್ಯಾರಿದ್ರು? ನಾನು, ನೀನು, ಮಾವನ್ ಕಂಬಳಿ. ಕಂಬಳಿ ಏನಂತು?"

ಸಾವಿನ ಮನೆಯಲ್ಲಿ ಯಾರೋ ನಕ್ಕರು. ನಕ್ಕವರು ಬಾಯಿ ಮುಚ್ಚಿಕೊಂಡರು. ಇನ್ನೊಬ್ಬರು ನಕ್ಕರು. ಅದು ಖುಷಿಯ ನಗುವಲ್ಲ, ಖಾರದ ನಗು. ರಾಮಾಂಜಿನಪ್ಪನ ಕಿವಿ ಕೆಂಪಾದವು.

"ಎರಡ್ನೇದು ಓದು."

ಸೀನ ಓದಲಿಲ್ಲ. ತಲೆ ತಗ್ಗಿಸಿದ. ವಸಂತಮ್ಮ ಪುಸ್ತಕವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅವಳದು ಕೂಡಿಸಿ ಕೂಡಿಸಿ ಓದುವ ಓದು. ಬಸ್ಸಿನ ಬೋರ್ಡು, ಕಕ್ಕಸಿನ ಹಾಳೆ ಬಿಟ್ಟು ಬೇರೇನೂ ಓದಿದವಳಲ್ಲ. ಸುಲಿದ ಬೆರಳು ಸಾಲಿನ ಕೆಳಗೆ ಸರಿಯಿತು. "ಹತ್ತು... ವರ್ಷ... ಗಳಿಂದ... ಯಾವುದೇ... ಶವ... ಹೂಳದೆ..." ಎಂದು ಓದುವಾಗ ಬೆವರಿದಳು. ಗಂಡನ ಮುಖದ ಮೇಲೆ ಮಣ್ಣು ಹಾಕಿದ ಕೈ ಇದೇ. ಅವನು ಅಲ್ಲಿ ಇಲ್ಲವೆಂದು ಬರೆಸಿದ ಕೈಯೂ ಇದೇ.

ಓದಿ ಮುಗಿಸಿ ತಲೆಯೆತ್ತಿದಳು. ರಾಮಯ್ಯನ ಕಡೆ ನೋಡಿದಳು. "ತಪ್ಪು ನಂದೂ ಐತೆ. ಏನು ಅಂತ ಕೇಳ್ದಂಗೆ ಸೈನ್ ಹಾಕ್ದೆ. ಕಕ್ಕಸ್ ಬಾಗಿಲಾಗಿದ್ರೆ ಹಾಕ್ತಿರ್ಲಿಲ್ಲ."

ರಾಮಾಂಜಿನಪ್ಪ ಹತ್ತಿರ ಬಂದ. ದನಿ ಇನ್ನೂ ಮೆತ್ತಗೇ ಇತ್ತು. "ನೋಡವ್ವ. ನಾವು ಎಂಥ ಸರ್ಕಾರದ ಮೇಲೆ ಜಗಳ ಆಡ್ತಿದೀವಿ ಗೊತ್ತ? ಸರ್ವಾಧಿಕಾರಿಗಳ ಮೇಲೆ. ಇಂಥ ಟೈಮಲ್ಲಿ ಮನೆ ಒಳಗೇ ನೀನು ಎದುರು ನಿಂತ್ರೆ ಅವರಿಗೆ ಅನುಕೂಲ. ನಿನ್ ಮಾವ ಒಂದ್ ದಿನ ನನ್ನ ಯಾಕೆ ಅಂತ ಕೇಳಿದ್ನ?"

"ಕೇಳ್ಲಿಲ್ಲ. ಅದುಕ್ಕೇ ಈಗ ಊಳಾಕೆ ಜಾಗಿಲ್ಲ."

"ಪಕ್ಷದಿಂದ ತೆಗೆದಾಕ್ಬೇಕಾಗ್ತದೆ."

"ನೀವು ಮೊದ್ಲು ಬೀಗ ತೆಗೀರಿ."

"ಬೀಗ ನಂದಲ್ಲ. ಪಂಚಾಯ್ತಿದು. ಸರ್ವಾನುಮತದ ತೀರ್ಮಾನ."

"ಅಂಗಾರೆ ಆ ಮತದಲ್ಲಿ ಒಂದು ಇವತ್ತು ಈಚೆ ಬಂತು. ಆ ರಸ್ತೆ ಯಾರ್ ಗೋದಾಮಿಗೆ, ಅಣ್ಣ? ನಿಮ್ ಜಮೀನಲ್ಲಿ ಕಟ್ತಿರೋದೆ ತಾನೆ? ಇದೂ ಬರ್ದಿಲ್ವಲ್ಲ ಪುಸ್ತಕ್ದಲ್ಲಿ."

ಜೊತೆಗಿದ್ದವನು ಫೋನನ್ನು ಜೇಬಿಗಿಟ್ಟುಕೊಂಡ.

ವಸಂತಮ್ಮ ಎದ್ದು ಹೆಣದ ಬಳಿ ಬಂದಳು. ಹೊಸ ಬಾವುಟ ಬಿಸಿಲಿಗೆ ಮಿರುಗುತ್ತಿತ್ತು. ಮುದುಕ ಜ್ವರದಲ್ಲೂ ಹೇಳಿದ್ದ, ನಾನು ಸತ್ರೆ ಬಾವುಟ ಹೊದಿಸ್ರವ್ವ ಎಂದು. ಅವಳ ಕೈ ಹಿಂಜರಿಯಿತು. ತಲೆಯ ಬಳಿ ಕೂತಿದ್ದ ಅತ್ತೆಯ ಕಡೆ ನೋಡಿದಳು. ಬೆಳಗಿನಿಂದ ಒಂದು ಮಾತೂ ಆಡದಿದ್ದ ಮುದುಕಿ ಬಾಯಿ ಬಿಟ್ಟಳು.

"ತೆಗಿಯವ್ವ. ಮಣ್ಣು ಕೊಡ್ದೋರು ಬಟ್ಟೆ ಹೊದಿಸ್ಬಾರ್ದು. ಅವನ್ ಕಂಬಳಿ ಐತೆ, ತಗಂಬಾ."

ವಸಂತಮ್ಮ ಬಾವುಟ ತೆಗೆದಳು. ನೆಲಕ್ಕೆ ಎಸೆಯಲಿಲ್ಲ. ಮಾವ ನಲವತ್ತು ವರ್ಷ ಹೊತ್ತದ್ದು. ನಾಲ್ಕು ಮಡಿಕೆ ಮಾಡಿ ರಾಮಾಂಜಿನಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಪುಸ್ತಕವನ್ನು ಅವಳು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಅಕ್ಕ, ಪುಸ್ತಕ ಕೊಡಕ್ಕ. ನನ್ ಕೆಲಸ ಓಯ್ತದೆ," ಅಂದ ಸೀನ.

"ಕೊಡ್ತೀನಿ. ಸಭೆ ಮುಗೀಲಿ."

ರಾಮಯ್ಯ ನೆಲದ ಮೇಲಿದ್ದ ಗುದ್ದಲಿ ಎತ್ತಿದ. ಇನ್ನೊಂದನ್ನು ವಸಂತಮ್ಮನಿಗೆ ಕೊಟ್ಟ.

ಹೆಣ ಎತ್ತಿದರು. ಹೆಂಗಸರು ಸ್ಮಶಾನಕ್ಕೆ ಹೋಗುವ ರೂಢಿಯಿಲ್ಲ. ಆವತ್ತು ಎಲ್ಲರೂ ಹೋದರು, ಅತ್ತೆಯೂ ಹೋದಳು. ಹಿಂದಿನಿಂದ ರಾಮಾಂಜಿನಪ್ಪ ಪೊಲೀಸಿಗೆ ಫೋನು ಮಾಡುತ್ತಿದ್ದುದು ಎಲ್ಲರಿಗೂ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ. ಹೆಣದ ಮುಂದಿದ್ದ ತಮಟೆಯವರು ಇನ್ನೂ ಜೋರಾಗಿ ಬಡಿದರು. ಗೇಟಿನ ಸೆಕ್ಯುರಿಟಿ ಹೆಣ ನೋಡಿ ಟೋಪಿ ತೆಗೆದು ಪಕ್ಕಕ್ಕೆ ಸರಿದ. ಅವನಿಗೆ ಕನ್ನಡ ಬೇಕಾಗಲಿಲ್ಲ. ರಾಮಯ್ಯ ಪಕ್ಕದವನ ಕೈಲಿದ್ದ ಹಾರೆ ಹಾಕಿ ಮೀಟಿದ. ಬೀಗ ಮೂರನೇ ಮೀಟಿಗೆ ಬಿತ್ತು.

ಒಳಗೆ ಜಲ್ಲಿ ಸುರಿದಿದ್ದರು. ಟಾರಿಗೆ ಮುಂಚಿನ ಜಲ್ಲಿ, ಮೊಳದಷ್ಟು ದಪ್ಪ. ಗಂಡನ ಗುಂಡಿ ಎಲ್ಲೋ ಅದರ ಕೆಳಗಿತ್ತು. ಗುರುತಿಗೆ ನೆಟ್ಟಿದ್ದ ಕಲ್ಲು ಕಾಣಲಿಲ್ಲ. ವಸಂತಮ್ಮ ಒಂದು ಗಳಿಗೆ ಹುಡುಕಿದಳು, ಆಮೇಲೆ ಸೆರಗು ಸೊಂಟಕ್ಕೆ ಕಟ್ಟಿದಳು. ಜಲ್ಲಿ ಎಳೆದು ಹಾಕಿದರು. ಕೆಳಗಿನ ಮಣ್ಣನ್ನು ರೋಲರು ಬಿಗಿ ಮಾಡಿತ್ತು. ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಕೈಗೆ ಬೊಬ್ಬೆ ಬಂದು ಒಡೆದವು. ಸರದಿ ಹಾಕಿಕೊಂಡು ತೋಡಿದರು. ಮೂರು ಅಡಿ ಹೋಗುವುದಕ್ಕೆ ಎರಡು ಗಂಟೆ ಹಿಡಿಯಿತು. ಆಮೇಲೆ ಮಣ್ಣು ಸಡಿಲವಾಯಿತು, ಇವರ ಪರಿಚಯದ ಮಣ್ಣು. ನರಸಿಂಹಯ್ಯನನ್ನು ಕಂಬಳಿಯಲ್ಲಿ ಸುತ್ತಿ ಇಳಿಸಿದರು. ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು.

ಸೀನ ದೂರದಲ್ಲಿ ನಿಂತಿದ್ದ. ವಸಂತಮ್ಮ ಗುಂಡಿಯ ಪಕ್ಕ ಜಲ್ಲಿಯ ಮೇಲೆ ಕೂತು ಪುಸ್ತಕ ಬಿಚ್ಚಿದಳು. ಹಿಂದಿನ ಹಾಳೆಯಲ್ಲಿ, ಎರಡನೇ ಠರಾವಿನ ಪಕ್ಕದಲ್ಲಿ, 'ಇದು ಸುಳ್ಳು. ನಾನು ಹೇಳಿಲ್ಲ' ಎಂದು ಬರೆದಳು. ಪೆನ್ನನ್ನು ಒತ್ತಿದ್ದಕ್ಕೆ ಹಾಳೆ ಒಂದು ಕಡೆ ಹರಿಯಿತು. ಆಮೇಲೆ ಸೀನ ಅವಳ ಸೈನಿಗೆಂದು ತಂದಿದ್ದ ಖಾಲಿ ಹಾಳೆಗೆ ತಿರುವಿದಳು. ಪೆನ್ಸಿಲ್ ಗೀಟನ್ನು ಬಿಟ್ಟು ಮೇಲಿನಿಂದ ಶುರು ಮಾಡಿದಳು. ಅವಳಿಗೆ ಗೊತ್ತಿದ್ದದ್ದು ಒಂದೇ ಕ್ರಮ, ಬಾಗಿಲ ಹಿಂದಿನ ಹಾಳೆಯದು.

ಸಮಯ: ಎರಡು ನಲವತ್ತು. ಆದ ಕೆಲಸ: ನರಸಿಂಹಯ್ಯನ್ನ ಇಲ್ಲೇ ಹೂತಿದ್ದೀವಿ. ಸೂಚಕರು: ವಸಂತಮ್ಮ.

ಸೈನ್ ಹಾಕಿದಳು. ಬೊಬ್ಬೆ ಒಡೆದ ಕೈಯ ಮಣ್ಣು ಅಕ್ಷರಗಳ ಮೇಲೆ ಹತ್ತಿತು. ಒರೆಸಲಿಲ್ಲ. ರಾಮಯ್ಯ ಪಕ್ಕದಲ್ಲಿ ಕೂತು ಹೆಬ್ಬೆರಳನ್ನು ಹಸಿ ಮಣ್ಣಿಗೆ ಒತ್ತಿ, ಅವಳ ಸೈನಿನ ಕೆಳಗೆ ಒತ್ತಿದ. ಅತ್ತೆ ಒತ್ತಿದಳು. ಮೇಘಾ ಇಂಗ್ಲಿಷಿನಲ್ಲಿ ಸೈನ್ ಹಾಕಿದಳು. ಸಾಲು ನಿಂತಿತು.

"ಇವರೆಲ್ಲ ಮೆಂಬರುಗಳಲ್ವಲ್ಲಕ್ಕ," ಅಂದ ಸೀನ. ಹೇಳಬೇಕಾದ್ದರಿಂದ ಹೇಳಿದ, ಅಷ್ಟೆ.

"ಅಲ್ಲ. ಸಭೆಗೆ ಬಂದೋರು."

ಕೊನೆಗೂ ಮೇನ್ ರೋಡಿನಿಂದ ಪೊಲೀಸ್ ಜೀಪು ಧೂಳೆಬ್ಬಿಸಿಕೊಂಡು ತಿರುಗಿತು. ಅದರ ಹಿಂದೆ ಬಿಳಿ ಕಾರು. ಹೆಂಗಸರು ಗುಂಡಿಯ ಸುತ್ತ ಒತ್ತಾಗಿ ಕೂತರು. ವಸಂತಮ್ಮ ಕೊನೆಯ ಹೆಬ್ಬೆಟ್ಟು ಆಗುವವರೆಗೂ ಕಾದು, ಪುಸ್ತಕ ಮುಚ್ಚಿ ಸೀನನ ಕೈಗಿಟ್ಟಳು.

"ತಗಂಡೋಗಿ ಅಧ್ಯಕ್ಷರಿಗೆ ಕೊಡು. ಮೊದ್ಲು ಓದಕ್ ಯೇಳು. ಓದಿ ಆದ್ಮೇಲೆ ಸೈನು."